‘ಬಾ’ ಬಲ್ಲವರಿಗೆ ‘ಬೆನ್’ ದೂರವಲ್ಲ

ಬಂಡೂರಿನ ಅಜ್ಜಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಬರಹೇಳುವ ಒಂದೇ ಮಾತನ್ನು ಎಷ್ಟು ಬಗೆಯಲ್ಲಿ ಆಡುತ್ತಾಳೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಮೊಮ್ಮಗನಿಗೆ ‘ಬಾರ್ಲಾ’, ಮೊಮ್ಮಗಳಿಗೆ ‘ಬಾರಮ್ಮಿ’, ಮಗನಿಗೆ ‘ಬಾರಪ್ಪ’, ಸೊಸೆಗೆ ‘ಬಾರವ್ವ’, ಬೀಗರಿಗೆ ‘ಬನ್ನಿ’. ಬೀದಿಯಲ್ಲಿ ಆಡುವ ಹುಡುಗರ ಗುಂಪಿಗೆ ‘ಬನ್ರಲಾ’. ಹೊಸ್ತಿಲಾಚೆ ನಿಂತು ಹಿಂಜರಿಯುತ್ತಿರುವವನ ಪರವಾಗಿ ಒಳಗಿನವರಿಗೆ ‘ಬರ್ಲಿ ಬುಡು’. ಬೇಡವಾದವನಿಗೆ ‘ಬರ್ಬ್ಯಾಡ’. ಇಂಗ್ಲಿಷಿನವರು ಇವುಗಳಲ್ಲಿ ಹೆಚ್ಚಿನವಕ್ಕೆ ‘ಕಮ್’ ಎಂಬ ಒಂದೇ ಮಾತಿನಲ್ಲಿ ಕೆಲಸ ಮುಗಿಸುತ್ತಾರೆ. ಸ್ಪ್ಯಾನಿಶ್ ಆಡುವವರು ಹಾಗೆ ಮುಗಿಸಲಾರರು. ಗೆಳೆಯನಿಗೆ ‘ಬೆನ್’, ಹಿರಿಯರಿಗೆ ‘ಬೆಂಗಾ’, ಗೆಳೆಯರ ಗುಂಪಿಗೆ ‘ಬೆನೀದ್’, ಗೌರವದ ಗುಂಪಿಗೆ ‘ಬೆಂಗನ್’, ಹೊರಗೆ ನಿಂತವನ ಬಗ್ಗೆ ‘ಕೆ ಬೆಂಗಾ’, ಬೇಡದವನಿಗೆ ‘ನೊ ಬೆಂಗಾಸ್’ ಎಂದು ಅವರೂ ಎದುರಿಗಿರುವವರ ಮುಖ ನೋಡಿಯೇ ಕ್ರಿಯಾಪದವನ್ನು ತಿದ್ದಬೇಕು.

ಸ್ಪ್ಯಾನಿಶ್ ಕಲಿಯಲು ಹೊರಟವರು ಮೊದಲು ಎಡವುವ ಜಾಗಗಳಲ್ಲಿ ಈ ಅಪ್ಪಣೆಯ ರೂಪಗಳೂ ಒಂದು. ನಮ್ಮ ಹುಡುಗರಿಗೆ ಆ ಎಡವು ಬೇಕಿಲ್ಲದ ಎಡವು. ಬೆಂಗಳೂರಿನ ತರಗತಿಗಳಲ್ಲಾಗಲಿ ಫೋನಿನ ಆ್ಯಪ್‌ಗಳಲ್ಲಾಗಲಿ ನಾವು ಸ್ಪ್ಯಾನಿಶ್‌ಗೆ ಹೋಗುವ ದಾರಿ ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕವೇ. ಇಂಗ್ಲಿಷಿನಲ್ಲಿ ನೀನು–ನೀವು ಎಂಬ ಭೇದ ಅಳಿದುಹೋಗಿ ಶತಮಾನಗಳಾದವು. ಹಾಗಾಗಿ ಪುಸ್ತಕ ಬರೆಯುವವರು ಆ ಭೇದವನ್ನೇ ಒಂದು ದೊಡ್ಡ ವಿಸ್ಮಯವೆಂಬಂತೆ ಪುಟಗಟ್ಟಲೆ ವಿವರಿಸುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮಗು ಮೂರನೇ ವರ್ಷಕ್ಕೇ ಅರಿತ ವಿಷಯವನ್ನು ಇಪ್ಪತ್ತನೇ ವರ್ಷದಲ್ಲಿ ಪರಭಾಷೆಯಲ್ಲಿ ಕೇಳಿ, ಕಷ್ಟವೆಂದು ನಂಬಿ, ಬಾಯಿಪಾಠ ಮಾಡುತ್ತದೆ. ಕನ್ನಡದಿಂದ ಸ್ಪ್ಯಾನಿಶ್‌ಗೆ ನೇರ ದಾರಿ ಇದೆ. ಅದರಲ್ಲೂ ಬಂಡೂರಿನ ಆಡುಮಾತಿನಿಂದ ಇರುವ ದಾರಿ ಪುಸ್ತಕದ ಕನ್ನಡದ ದಾರಿಗಿಂತ ಹತ್ತಿರದ್ದು. ಅದನ್ನೇ ಇಲ್ಲಿ ತೋರಿಸಲು ಹೊರಟಿದ್ದೇನೆ.

ಮಳವಳ್ಳಿ ತಾಲ್ಲೂಕಿನ ಬಂಡೂರು ಎಂದರೆ ನಾಡಿಗೆ ನೆನಪಾಗುವುದು ಕುರಿ. ಗಿಡ್ಡ ಕಾಲು, ತುಂಬಿದ ಮೈ, ಕೊಂಬಿಲ್ಲದ ತಲೆಯ ಈ ತಳಿಯನ್ನು ಬಂಡೂರು ಕುರಿ, ಬನ್ನೂರು ಕುರಿ, ಮಂಡ್ಯ ಕುರಿ ಎಂದು ಕರೆಯುತ್ತಾರೆ. ಮಾಂಸಕ್ಕೆ ಇದರ ಹೆಸರು ದೊಡ್ಡದು. ಸ್ಪೇನ್ ಕೂಡ ಕುರಿಯ ನಾಡು. ನುಣುಪು ಉಣ್ಣೆಯ ಮೆರಿನೊ ತಳಿ ಹೆಸರು ಮಾಡಿದ್ದು ಅಲ್ಲಿಂದಲೇ. ಅಲ್ಲಿನ ಕುರಿಗಾಹಿಗಳ ಒಕ್ಕೂಟಕ್ಕೆ 1273ರಲ್ಲೇ ದೊರೆಯ ಮನ್ನಣೆ ಸಿಕ್ಕಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ನಾಟಿ ಕುರಿಯ ಉಣ್ಣೆ ಸುಧಾರಿಸಲೆಂದು ಮೆರಿನೊ ಟಗರುಗಳನ್ನು ನಮ್ಮ ಸೀಮೆಗೆ ತರಿಸಿದ್ದೂ ಉಂಟು.

ಕುರಿಯ ನಂಟು ಹಾಗಿರಲಿ, ನುಡಿಗೆ ಬರೋಣ. ಮೊದಲು ಉಚ್ಚಾರಣೆ, ಏಕೆಂದರೆ ಹೊಂದಿಕೆ ಶುರುವಾಗುವುದೇ ಅಲ್ಲಿ. ಮಂಡ್ಯದವರ ಬಾಯಲ್ಲಿ ‘ಹ’ಕಾರ ಉಳಿಯುವುದಿಲ್ಲ. ಹಾಲು ‘ಆಲು’, ಹೇಳು ‘ಯೋಳು’, ಹೋಗು ‘ವೋಗು’. ಶಾಲೆಯಲ್ಲಿ ಇದಕ್ಕಾಗಿ ಬೈಸಿಕೊಂಡವರು ಎಷ್ಟೋ ಜನ. ಸ್ಪ್ಯಾನಿಶ್‌ನಲ್ಲಿ ಇದೇ ಶಿಷ್ಟ ಉಚ್ಚಾರಣೆ. ಬರೆಯುವಾಗ ಹಕಾರ ಇರುತ್ತದೆ, ಓದುವಾಗ ಇರುವುದಿಲ್ಲ. ಮಾತಾಡು ಎನ್ನುವ ‘ಆಬ್ಲಾ’, ಮಾಡು ಎನ್ನುವ ‘ಆಸ್’ ಎರಡೂ ಬರವಣಿಗೆಯಲ್ಲಿ ಹಕಾರದಿಂದಲೇ ಶುರುವಾಗುತ್ತವೆ. ಎರಡು ಭಾಷೆಗಳೂ ಇಲ್ಲಿಗೆ ಬಂದು ಸೇರಿದ ಬಗೆಯೂ ಒಂದೇ ತೆರನಾದದ್ದು. ಹಳಗನ್ನಡದ ‘ಪೋಗು’ ನಡುಗನ್ನಡದಲ್ಲಿ ‘ಹೋಗು’ ಆಯಿತು, ಬಂಡೂರಿನಲ್ಲಿ ‘ವೋಗು’ ಆಯಿತು. ಲ್ಯಾಟಿನ್ನಿನಲ್ಲಿ ಪದದ ಮೊದಲಿಗೆ ಇದ್ದ ಫಕಾರ ಸ್ಪೇನಿನಲ್ಲಿ ಹಕಾರವಾಗಿ, ಆಮೇಲೆ ಸದ್ದಿಲ್ಲದಾಯಿತು. ತುಟಿಯಲ್ಲಿ ಹುಟ್ಟುವ ದನಿ ಗಂಟಲಿಗೆ ಸರಿದು ಕೊನೆಗೆ ಉಸಿರೂ ಇಲ್ಲದಾಗುವುದು ಎರಡೂ ಕಡೆ ನಡೆದಿದೆ. ಹಕಾರ ಬಿಟ್ಟು ಮಾತಾಡುವುದು ಹಳ್ಳಿಗರ ಸೋಮಾರಿತನವಲ್ಲ ಎಂಬುದಕ್ಕೆ ಹತ್ತಾರು ಕೋಟಿ ಜನರ ಒಂದು ಶಿಷ್ಟ ಭಾಷೆಯೇ ಸಾಕ್ಷಿ ನುಡಿಯುತ್ತದೆ. ನಮ್ಮ ಮೇಷ್ಟರುಗಳಿಗೆ ಇದು ಗೊತ್ತಿರಬೇಕು ಎಂದು ನಾನು ಬಲವಾಗಿ ಬಯಸುತ್ತೇನೆ.

ಇನ್ನು ವಕಾರ. ಬರಹದಲ್ಲಿ ವಕಾರವಿದ್ದರೂ ಸ್ಪ್ಯಾನಿಶ್ ನಾಲಗೆ ಅದನ್ನು ಬಕಾರವಾಗಿಯೇ ನುಡಿಯುತ್ತದೆ. ಅದಕ್ಕೇ ‘ವೆನ್’ ಎಂದು ಬರೆದದ್ದು ‘ಬೆನ್’ ಎಂದು ಕೇಳುತ್ತದೆ. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’. ಕನ್ನಡದ ‘ಬಾ’ಗೂ ಸ್ಪ್ಯಾನಿಶ್‌ನ ‘ಬೆನ್’ಗೂ ನಂಟೇನೂ ಇಲ್ಲ. ಆದರೂ ಕರೆಯುವಾಗ ಎರಡೂ ಒಂದೇ ದನಿಯಿಂದ ಶುರುವಾಗುತ್ತವೆ ಎಂಬುದು ನೆನಪಿಗೆ ಅನುಕೂಲ.

ಈಗ ರಚನೆ. ಕನ್ನಡದಲ್ಲಿ ಅಪ್ಪಣೆ ಕೊಡುವುದು ಎಲ್ಲಕ್ಕಿಂತ ಸರಳ. ಧಾತುವೇ ಅಪ್ಪಣೆ. ನೋಡು, ಮಾಡು, ತಿನ್ನು, ಕೂಗು. ಕಾಲಸೂಚನೆ ಇಲ್ಲ, ಪ್ರತ್ಯಯವಿಲ್ಲ. ಇದಕ್ಕೆ ಒಗ್ಗದವು ಬರು, ತರು ಎಂಬ ಎರಡು. ಅವು ‘ಬಾ’, ‘ತಾ’ ಆಗುತ್ತವೆ. ಸ್ಪ್ಯಾನಿಶ್‌ನಲ್ಲಿ ಆಪ್ತರಿಗೆ ಅಪ್ಪಣೆ ಕೊಡಲು ‘ಅವನು ಮಾತಾಡುತ್ತಾನೆ’ ಎನ್ನುವ ರೂಪವನ್ನೇ ಹಾಗೆಯೇ ಎತ್ತಿಕೊಂಡರಾಯಿತು. ‘ಆಬ್ಲಾ’ ಎಂದರೆ ಅವನು ಮಾತಾಡುತ್ತಾನೆ ಎಂದೂ ಹೌದು, ನೀನು ಮಾತಾಡು ಎಂದೂ ಹೌದು. ತಿನ್ನು ‘ಕೋಮೆ’, ಬರೆ ‘ಎಸ್ಕ್ರೀಬೆ’. ಇದಕ್ಕೆ ಒಗ್ಗದ ಎಂಟನ್ನು ಮಾತ್ರ ಬಾಯಿಪಾಠ ಮಾಡಬೇಕು: ಹೇಳು ‘ದಿ’, ಮಾಡು ‘ಆಸ್’, ಹೋಗು ‘ಬೆ’, ಮಡಗು ‘ಪೊನ್’, ಹೊರಡು ‘ಸಾಲ್’, ಆಗಿರು ‘ಸೆ’, ಹಿಡ್ಕೊ ‘ತೆನ್’, ಬಾ ‘ಬೆನ್’. ಎಂಟೂ ಒಂದೊಂದೇ ಉಸಿರಿನ ಪದಗಳು. ದಿನವಿಡೀ ಬಾಯಲ್ಲಿ ಸವೆಯುವ ಕ್ರಿಯೆಗಳೇ ಹೀಗೆ ಗಿಡ್ಡವಾಗುತ್ತವೆ. ನಮ್ಮ ‘ಬಾ’, ‘ತಾ’ ಗಿಡ್ಡವಾಗಿರುವುದೂ ಹಾಗೆಯೇ.

ಗೌರವಕ್ಕೆ ಬಂದಾಗ ಎರಡು ಭಾಷೆಗಳೂ ಕೊನೆಯ ಸ್ವರವನ್ನು ಬದಲಿಸುತ್ತವೆ. ಮಾಡು–ಮಾಡಿ, ನೋಡು–ನೋಡಿ, ಕೂಗು–ಕೂಗಿ: ಉಕಾರ ಹೋಗಿ ಇಕಾರ ಬಂದರೆ ಮರ್ಯಾದೆ ಬಂತು. ಸ್ಪ್ಯಾನಿಶ್‌ನಲ್ಲಿ ಆಕಾರ ಇದ್ದಲ್ಲಿ ಎಕಾರ, ಎಕಾರ ಇದ್ದಲ್ಲಿ ಆಕಾರ. ‘ಆಬ್ಲಾ’ ಎಂದರೆ ಮಾತಾಡು, ‘ಆಬ್ಲೆ’ ಎಂದರೆ ಮಾತಾಡಿ. ‘ಕೋಮೆ’ ಎಂದರೆ ತಿನ್ನು, ‘ಕೋಮಾ’ ಎಂದರೆ ತಿನ್ನಿ. ಒಂದು ಸ್ವರ ತಪ್ಪಿದರೆ ಎದುರಿಗಿನ ಹಿರಿಯರನ್ನು ಏಕವಚನದಲ್ಲಿ ಕರೆದಂತಾಗುತ್ತದೆ. ಇಂಗ್ಲಿಷ್ ಮೂಲಕ ಕಲಿತವನಿಗೆ ಇದು ನೆನಪಿಟ್ಟುಕೊಳ್ಳಬೇಕಾದ ನಿಯಮ. ‘ಮಾಡು’ ಎನ್ನಬೇಕೋ ‘ಮಾಡಿ’ ಎನ್ನಬೇಕೋ ಎಂದು ಹುಟ್ಟಿನಿಂದ ತೂಗಿಕೊಂಡು ಬಂದವನಿಗೆ ಅದು ಸಂಕೋಚವಾಗಿ ಮೈಗೇ ಹತ್ತಿದೆ.

ಶಿಷ್ಟ ಕನ್ನಡದಲ್ಲಿ ‘ಬನ್ನಿ’ ಎಂದರೆ ಒಬ್ಬ ಹಿರಿಯರೂ ಆಗಬಹುದು, ಹತ್ತು ಮಂದಿ ಹುಡುಗರೂ ಆಗಬಹುದು. ಬಹುವಚನವೇ ಗೌರವ. ಸ್ಪ್ಯಾನಿಶ್ ಇವೆರಡನ್ನೂ ಬೇರೆ ಮಾಡುತ್ತದೆ. ಗೌರವದ ಒಬ್ಬರಿಗೆ ‘ಬೆಂಗಾ’, ಗೌರವದ ಹಲವರಿಗೆ ‘ಬೆಂಗನ್’. ಸ್ಪೇನ್ ದೇಶದಲ್ಲಿ ಸಲುಗೆಯ ಹಲವರಿಗೆಂದೇ ‘ಬೆನೀದ್’ ಎಂಬ ಇನ್ನೊಂದು ರೂಪವಿದೆ. ಲ್ಯಾಟಿನ್ ಅಮೆರಿಕದಲ್ಲಿ ಅದು ಬಳಕೆಯಲ್ಲಿಲ್ಲ. ಅಲ್ಲಿ ಗೆಳೆಯರ ಗುಂಪಿಗೂ ‘ಬೆಂಗನ್’. ಪುಸ್ತಕದ ಕನ್ನಡ ಮಾತ್ರ ಬಲ್ಲವರು ಈ ‘ಬೆನೀದ್’ ಏನೆಂದು ತಡಕಾಡುತ್ತಾರೆ. ಬಂಡೂರಿನವರು ತಡಕಾಡಬೇಕಿಲ್ಲ. ‘ಬನ್ರಲಾ’, ‘ಕೇಳ್ರಲಾ’, ‘ನೋಡ್ರಲಾ’ ಎನ್ನುವುದು ಅದೇ. ಹಲವರು ಹೌದು, ಆದರೆ ನಮ್ಮವರು, ಸರೀಕರು, ಕಿರಿಯರು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರ ಕಥೆಗಳನ್ನು ಓದಿದವರಿಗೆ ಈ ನುಡಿಯ ಸೊಗಸು ಗೊತ್ತು. ವೈದ್ಯರಾಗಿದ್ದ ಅವರು ತಮ್ಮ ಸೀಮೆಯ ರೋಗಿಗಳ, ರೈತರ ಬಾಯಿಮಾತನ್ನು ಅದರ ಬಿಸಿಯೊಡನೆ ಬರಹಕ್ಕೆ ಇಳಿಸಿದರು.

ಗೌರವದ ವಿಷಯದಲ್ಲಿ ಇನ್ನೂ ಆಳದ ಹೊಂದಿಕೆಯೊಂದಿದೆ. ಸ್ಪ್ಯಾನಿಶ್‌ನ ಗೌರವದ ಸರ್ವನಾಮ ‘ಉಸ್ತೆದ್’. ಅದು ‘ಬುವೆಸ್ತ್ರಾ ಮೆರ್ಸೆದ್’ ಎಂಬ ಹಳೆಯ ಸಂಬೋಧನೆ ಸವೆದು ಆದದ್ದು. ‘ತಮ್ಮ ಕೃಪೆ’ ಎಂದು ಅರ್ಥ. ಎದುರಿಗಿರುವವರನ್ನು ನೇರವಾಗಿ ನೀನೆನ್ನಲು ಅಳುಕಿ, ಅವರ ಕೃಪೆಯನ್ನು ಮೂರನೆಯವರಂತೆ ಕಂಡು ಮಾತಾಡಿದ್ದರಿಂದ ಇಂದಿಗೂ ಉಸ್ತೆದ್ ಬಂದಾಗ ಕ್ರಿಯಾಪದ ಪ್ರಥಮ ಪುರುಷದಲ್ಲೇ ಇರುತ್ತದೆ. ‘ಬೆಂಗಾ ಉಸ್ತೆದ್’ ಎನ್ನುವುದರ ಮೂಲ ಭಾವ ‘ತಮ್ಮ ಕೃಪೆ ಬರಲಿ’. ನಮ್ಮ ‘ತಾವು’ ಸಹ ಮೂಲದಲ್ಲಿ ಎದುರಿಗಿರುವವರನ್ನು ಸೂಚಿಸುವ ಪದವಲ್ಲ. ‘ಅವರು ತಾವೇ ಬಂದರು’ ಎನ್ನುವಾಗಿನ ತಾವು ಅದು. ‘ತಾವು ದಯಮಾಡಿಸಬೇಕು’ ಎನ್ನುವಾಗ ನಾವು ಬಾ ಎಂದೂ ಹೇಳುವುದಿಲ್ಲ, ಬನ್ನಿ ಎಂದೂ ಹೇಳುವುದಿಲ್ಲ. ಅಪ್ಪಣೆಯನ್ನು ಬೇಡಿಕೆಯಾಗಿ ತಿರುಗಿಸಿ ಪಕ್ಕದಿಂದ ಕೊಡುತ್ತೇವೆ. ಮೈಸೂರಿನ ಅರಮನೆಯ ಕನ್ನಡವೂ ಸ್ಪೇನಿನ ಆಸ್ಥಾನದ ನುಡಿಯೂ ಒಂದೇ ಉಪಾಯ ಹೂಡಿದ್ದವು.

ಆದರೆ ಗೌರವದ ರೂಪಗಳು ಇವೆ ಎಂದ ಮಾತ್ರಕ್ಕೆ ಅವು ಎಲ್ಲರಿಗೂ ಸಿಗುತ್ತಿದ್ದವು ಎಂದಲ್ಲ. ಇದನ್ನು ಹೇಳದೆ ವ್ಯಾಕರಣ ಮಾತ್ರ ಹೇಳಿದರೆ ಅರ್ಧ ಸತ್ಯ. ನಮ್ಮ ಸೀಮೆಯಲ್ಲಿ ಹೊಲದ ಒಡೆಯನ ಮನೆಯ ಹತ್ತು ವರ್ಷದ ಹುಡುಗ ಅರವತ್ತು ವರ್ಷದ ಕೂಲಿಯವನನ್ನು ‘ಬಾರ್ಲಾ’ ಎನ್ನುತ್ತಿದ್ದ ಕಾಲವಿತ್ತು. ಆ ಹಿರಿಯ ‘ಬಂದೆ ಬುದ್ಧೀ’ ಎಂದು ಓಡಿಬರಬೇಕಿತ್ತು. ಅಜ್ಜಿಯ ಬಾಯಲ್ಲಿ ಮುದ್ದಿನ ಪದವಾದ ‘ಬಾರ್ಲಾ’ ಅಲ್ಲಿ ಮನುಷ್ಯನನ್ನು ಕುಗ್ಗಿಸುವ ಪದ. ಏಕವಚನದ ಅಪ್ಪಣೆ ಜಾತಿಯ ಗಡಿಯನ್ನು ದಿನಕ್ಕೆ ನೂರು ಸಲ ಎಳೆದು ತೋರಿಸುತ್ತಿತ್ತು. ಸ್ಪ್ಯಾನಿಶ್ ಸಾಮ್ರಾಜ್ಯ ಹಬ್ಬಿದ ಲ್ಯಾಟಿನ್ ಅಮೆರಿಕದಲ್ಲೂ ಇದೇ ನಡೆಯಿತು. ಗ್ವಾಟೆಮಾಲಾದಂಥ ಕಡೆ ಮೂಲನಿವಾಸಿ ಮುದುಕರನ್ನೂ ಸಲುಗೆಯ ಸರ್ವನಾಮದಲ್ಲಿ ಕರೆಯುವುದು, ಅವರಿಂದ ಮಾತ್ರ ಉಸ್ತೆದ್ ನಿರೀಕ್ಷಿಸುವುದು ಇತ್ತೀಚಿನವರೆಗೂ ಕಂಡುಬಂದ ರೂಢಿ. 1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಚಳವಳಿ ಎದ್ದಾಗ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಇದೇ ಹಳ್ಳಿನುಡಿಯ ‘ಲಾ’ ಕಟ್ಟಿದ ಅಪ್ಪಣೆಯನ್ನು, ಅಪ್ಪಣೆ ಕೇಳಿ ಕೇಳಿ ಬದುಕಿದ್ದವರ ಬಾಯಿಗೆ ಕೊಟ್ಟಿತು. ಕ್ರಿಯಾಪದದ ಒಂದು ರೂಪಕ್ಕೆ ಎಷ್ಟು ಶಕ್ತಿ ಇದೆ ಎಂಬುದನ್ನು ಅಂದು ನಾಡು ಕಂಡಿತು.

ಸಲುಗೆಯ ಏಕವಚನಕ್ಕೆ ಇನ್ನೊಂದು ನೆಲೆ ಇದೆ. ದೇವರಿಗೆ ಏಕವಚನ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ಅಲ್ಲಿಗೆ ನಡೆದುಕೊಳ್ಳುವ ಒಕ್ಕಲು ‘ಕಾಪಾಡಪ್ಪಾ’ ಎನ್ನುತ್ತದೆ, ‘ಕಾಪಾಡಿ’ ಎನ್ನುವುದಿಲ್ಲ. ಮಾದಪ್ಪನಿಗೂ ಅಷ್ಟೆ. ಸ್ಪ್ಯಾನಿಶ್ ಆಡುವ ಕ್ಯಾಥೊಲಿಕ್ಕರೂ ಪ್ರಾರ್ಥನೆಯಲ್ಲಿ ದೇವರಿಗೆ ಸಲುಗೆಯ ರೂಪದಲ್ಲೇ ಅಪ್ಪಣೆ ಕೊಡುತ್ತಾರೆ. ಉಸ್ತೆದ್ ಅಂದರೆ ದೇವರು ದೂರವಾಗುತ್ತಾನೆ.

ಬೇಡವೆನ್ನುವ ಕಡೆ ಕಲಿಯುವವರು ಹೆಚ್ಚು ತಪ್ಪುತ್ತಾರೆ. ‘ಬೆನ್’ ಎಂದರೆ ಬಾ, ‘ನೊ’ ಎಂದರೆ ಇಲ್ಲ. ಎರಡನ್ನೂ ಕೂಡಿಸಿ ‘ನೊ ಬೆನ್’ ಎಂದರೆ ‘ಬರಬೇಡ’ ಆಗಬೇಕಲ್ಲ ಎಂದು ಇಂಗ್ಲಿಷ್ ದಾರಿಯಿಂದ ಬಂದವರು ತರ್ಕಿಸುತ್ತಾರೆ. ಹಾಗೆ ಆಗುವುದಿಲ್ಲ. ‘ನೊ ಬೆಂಗಾಸ್’ ಎನ್ನಬೇಕು. ಅಪ್ಪಣೆಯ ರೂಪವನ್ನೇ ಬಿಟ್ಟು, ಬಯಕೆ ಸಂದೇಹಗಳಿಗೆ ಮೀಸಲಾದ ಇನ್ನೊಂದು ರೂಪಕ್ಕೆ ಹೋಗಬೇಕು. ಏಕೆ ಹೀಗೆ ಎಂದು ಕೇಳಿದರೆ ಅಪವಾದ ಎಂದುಬಿಡುವವರಿದ್ದಾರೆ. ಕನ್ನಡಿಗ ತನ್ನ ಮಾತನ್ನೇ ಗಮನಿಸಿದರೆ ಉತ್ತರ ಅಲ್ಲೇ ಇದೆ. ನಾವೂ ‘ಬಾ’ಗೆ ‘ಇಲ್ಲ’ ಸೇರಿಸಿ ಅಪ್ಪಣೆ ಮಾಡುವುದಿಲ್ಲ. ‘ಬಾ ಇಲ್ಲ’ ಎಂಬ ಮಾತೇ ಇಲ್ಲ, ‘ಬಾ ಬೇಡ’ ಎಂಬುದೂ ಇಲ್ಲ. ‘ಬಾ’ ಎಂಬ ರೂಪವನ್ನು ಕೈಬಿಟ್ಟು ‘ಬರ’ ಎಂಬ ಬೇರೆ ರೂಪಕ್ಕೆ ಹೋಗಿ, ‘ಇಲ್ಲ’ ಎಂಬುದರ ಬದಲು ‘ಬೇಡ’ ಎಂಬ ಬೇರೆ ನಿಷೇಧ ಪದವನ್ನು ತರುತ್ತೇವೆ. ‘ಬೇಕು’ ಎಂಬುದರ ಎದುರು ಪದ ಅದು, ಬಯಕೆಯ ಲೋಕದ್ದು. ಅಂದರೆ ತಡೆಯುವಾಗ ಎರಡು ಭಾಷೆಗಳೂ ಅಪ್ಪಣೆಯಿಂದ ಬಯಕೆಯ ಕಡೆಗೆ ಸರಿಯುತ್ತವೆ. ಸುಮಾರು 500 ಭಾಷೆಗಳನ್ನು ಹೋಲಿಸಿ ನೋಡಿದ ಭಾಷಾವಿಜ್ಞಾನಿಗಳು ಕಂಡದ್ದೂ ಇದನ್ನೇ: ಅಪ್ಪಣೆಯ ಸಾಮಾನ್ಯ ರೂಪಕ್ಕೆ ಸಾಮಾನ್ಯ ನಿಷೇಧವನ್ನು ಅಂಟಿಸಿ ಕೆಲಸ ಸಾಗಿಸುವ ಭಾಷೆಗಳು ಕಾಲು ಭಾಗಕ್ಕಿಂತ ಕಡಿಮೆ. ‘ಮಾಡು’ ಮತ್ತು ‘ಮಾಡಬೇಡ’ ಮನುಷ್ಯರಿಗೆ ಎರಡು ಬೇರೆ ಕೆಲಸಗಳು.

ನಮ್ಮ ‘ಬೇಡ’ ಬಡಪಾಯಿ ಪದವಲ್ಲ. ಬಸವಣ್ಣನವರ ಪ್ರಸಿದ್ಧ ವಚನವೊಂದು ಏಳು ‘ಬೇಡ’ಗಳ ಮೇಲೆ ನಿಂತಿದೆ. ಬೇಡ, ಬಾರದು, ಕೂಡದು ಎಂದು ನಮಗೆ ತಡೆಯುವುದರಲ್ಲೂ ಮೆಟ್ಟಿಲುಗಳಿವೆ. ‘ಹೋಗಬೇಡ’ ಎಂದರೆ ನನ್ನ ಮಾತು, ‘ಹೋಗಬಾರದು’ ಎಂದರೆ ಲೋಕದ ಮಾತು, ‘ಹೋಗಕೂಡದು’ ಎಂದರೆ ಕಟ್ಟಳೆ. ಗೋಡೆ ಬರಹಗಳಲ್ಲಿ ನಾವು ಬಾರದು ಎನ್ನುತ್ತೇವೆ, ‘ಇಲ್ಲಿ ಉಗುಳಬಾರದು’. ಸ್ಪ್ಯಾನಿಶ್ ಫಲಕಗಳಲ್ಲಿ ಧಾತುರೂಪ ಬರುತ್ತದೆ: ‘ನೊ ಫುಮಾರ್’, ಸೇದುವುದು ಬೇಡ. ಯಾರಿಗೆಂದು ಹೇಳದ ಅಪ್ಪಣೆಯಾದ್ದರಿಂದ ನೀನು–ನೀವುಗಳ ತಕರಾರೇ ಇಲ್ಲ.

ಸ್ಪ್ಯಾನಿಶ್ ಕಲಿಯುವವರನ್ನು ಅಂಜಿಸುವ ಆ ಬಯಕೆಯ ರೂಪ, ಪುಸ್ತಕಗಳಲ್ಲಿ ಅಧ್ಯಾಯಗಟ್ಟಲೆ ಹರಡಿರುವ ರೂಪ, ಕನ್ನಡಿಗನಿಗೆ ಬಹುಮಟ್ಟಿಗೆ ‘ಲಿ’ ಪ್ರತ್ಯಯದ ಮೂಲಕ ದಕ್ಕುತ್ತದೆ. ಬರಲಿ, ತಿನ್ನಲಿ, ಇರಲಿ. ಶಾಲೆಯಲ್ಲಿ ಓದಿದ ವಿಧ್ಯರ್ಥಕ ಕ್ರಿಯಾಪದ ನೆನಪಿಗೆ ಬರಲಿ. ಆಜ್ಞೆಯ ಜೊತೆಗೆ ಹಾರೈಕೆ, ಸಮ್ಮತಿಗಳೂ ಅದರೊಳಗೇ ಸೇರುತ್ತವೆ ಎಂದು ಮೇಷ್ಟರು ಬರೆಸಿದ್ದರು. ಆಗ ಅದು ಪರೀಕ್ಷೆಗೆ ಬೇಕಾದ ಸಾಲು ಅನ್ನಿಸಿರಬಹುದು. ಅದೊಂದು ನಿಜವಾದ ಕಾಣ್ಕೆ. ‘ಒಳಗೆ ಬರ್ಲಿ’ ಎಂದರೆ ‘ಕೆ ಎಂತ್ರೆ’. ಒಳ್ಳೆಯದಾಗಲಿ ಎಂಬ ಹಾರೈಕೆಗೂ, ಹಾಳಾಗ್ಲಿ ಎಂಬ ಶಾಪಕ್ಕೂ, ಹೋಗ್ಲಿ ಬುಡು ಎಂಬ ಉದಾರತೆಗೂ ಅವರಲ್ಲಿ ಇದೇ ರೂಪ. ಉಸ್ತೆದ್‌ಗೆ ಕೊಡುವ ಅಪ್ಪಣೆಯೂ ಇದೇ ‘ಲಿ’ ರೂಪ, ತಡೆಯುವ ಅಪ್ಪಣೆಯೂ ಇದೇ, ‘ಮಾತಾಡೋಣ’ ಎನ್ನುವ ‘ಆಬ್ಲೆಮೊಸ್’ ಕೂಡ ಇದರ ಬಳಗವೇ. ‘ಲಿ’ಯನ್ನು ಹಿಡಿದರೆ ಅಪ್ಪಣೆಯ ಮುಕ್ಕಾಲು ಪಾಲು ಕೈಗೆ ಬರುತ್ತದೆ. ‘ಹೋಗೋಣ’ ಮಾತ್ರ ಬೇರೆ, ಅದಕ್ಕೆ ‘ಬಾಮೊಸ್’ ಎನ್ನುತ್ತಾರೆ. ದಿನಕ್ಕೆ ಹತ್ತು ಸಲ ಕೇಳುವ ಪದವಾದ್ದರಿಂದ ಅದು ತಾನಾಗಿ ನಿಲ್ಲುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟ ಹೊಂದಿಕೆ ‘ಕೊ’. ಊಟಕ್ಕೆ ಮುಂಚೆ ಮಗುವಿಗೆ ಏನು ಹೇಳುತ್ತೇವೆ? ‘ಕೈ ತೊಳ್ಕೊ’. ‘ನಿನ್ನ ಕೈ ತೊಳೆ’ ಎಂದು ಯಾವ ತಾಯಿಯೂ ಹೇಳುವುದಿಲ್ಲ. ಕೈ ಯಾರದ್ದೆಂದು ‘ಕೊ’ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ‘ನಿನ್ನ’ ಎಂಬುದು ಬೇಕೇ ಬೇಕು. ಸ್ಪ್ಯಾನಿಶ್ ತಾಯಿ ಹೇಳುವುದು ‘ಲಾಬತೆ ಲಾಸ್ ಮಾನೊಸ್’. ತೊಳೆ, ನಿನಗೇ, ಕೈಗಳನ್ನು. ಅಲ್ಲೂ ‘ನಿನ್ನ’ ಇಲ್ಲ. ನಮ್ಮ ‘ಕೊ’ ಮಾಡುವ ಕೆಲಸವನ್ನು ಅಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿದ ‘ತೆ’ ಮಾಡುತ್ತದೆ. ಇದು ಒಂದೆರಡು ಪದಗಳ ಮಾತಲ್ಲ. ಕುಂತ್ಕೊ ‘ಸಿಯೆಂತತೆ’, ಮಲ್ಕೊ ‘ದುಯೆರ್ಮೆತೆ’, ಅಂಗಿ ಹಾಕ್ಕೊ ‘ಪೊಂತೆ ಲಾ ಕಮೀಸಾ’. ಕ್ರಿಯೆಯ ಫಲ ಮಾಡಿದವನ ಮೈಗೇ ಬಂದು ತಾಗುವ ಕಡೆಯೆಲ್ಲ ಬಂಡೂರಿನವರು ‘ಕೊ’ ಎನ್ನುತ್ತಾರೆ, ಅವರು ‘ತೆ’ ಎನ್ನುತ್ತಾರೆ. ಗೌರವಕ್ಕೆ ‘ಕುಂತ್ಕಳಿ’ ಎಂದಂತೆ ಅಲ್ಲಿ ‘ಸಿಯೆಂತೆಸೆ’. ಇಂಗ್ಲಿಷ್ ಹಿನ್ನೆಲೆಯವರು ಪ್ರತಿಯೊಂದು ಕ್ರಿಯಾಪದಕ್ಕೂ ಈ ಬಾಲ ಬರುತ್ತದೋ ಇಲ್ಲವೋ ಎಂದು ಪಟ್ಟಿ ಮಾಡಿ ಕಲಿಯಬೇಕು. ಕನ್ನಡಿಗನು ಮನಸ್ಸಿನಲ್ಲಿ ‘ಕೊ’ ಹಚ್ಚಿ ನೋಡಿದರೆ ಬಹಳಷ್ಟು ಕಡೆ ಸರಿಹೋಗುತ್ತದೆ.

‘ಬುಡು’ವಿಗೂ ಅಲ್ಲಿ ಜೋಡಿ ಇದೆ. ‘ತಿನ್ನು’ ಎಂದರೆ ತಿನ್ನು ಅಷ್ಟೆ. ‘ತಿಂದ್ಬುಡು’ ಎಂದರೆ ತಟ್ಟೆ ಖಾಲಿಯಾಗಬೇಕು. ಸ್ಪ್ಯಾನಿಶ್‌ನಲ್ಲಿ ‘ಕೋಮೆ’ ಎಂದರೆ ತಿನ್ನು, ‘ಕೋಮೆತೆಲೊ’ ಎಂದರೆ ಅದನ್ನು ತಿಂದು ಮುಗಿಸಿಬಿಡು. ‘ಬೆ’ ಎಂದರೆ ಹೋಗು, ‘ಬೇತೆ’ ಎಂದರೆ ಹೊರಟುಹೋಗು. ಇನ್ನು ‘ಮಾಡ್ಕೊಡು’, ‘ಬರ್ಕೊಡು’, ‘ತಂದ್ಕೊಡು’ ಎನ್ನುವಾಗಿನ ‘ಕೊಡು’ ಮತ್ತೊಬ್ಬರಿಗಾಗಿ ಮಾಡುವುದನ್ನು ಸೂಚಿಸುತ್ತದೆ. ಅಲ್ಲಿ ‘ನನಗೆ’ ಎಂಬ ‘ಮೆ’ ಬಾಲಕ್ಕೆ ಅಂಟುತ್ತದೆ. ಕನ್ನಡ ಸಹಾಯಕ ಕ್ರಿಯಾಪದಗಳಲ್ಲಿ ತೋರುವ ಸೂಕ್ಷ್ಮವನ್ನು ಸ್ಪ್ಯಾನಿಶ್ ಪುಟ್ಟ ಸರ್ವನಾಮಗಳಲ್ಲಿ ತೋರುತ್ತದೆ. ಉಪಕರಣ ಬೇರೆ, ಕೆಲಸ ಅದೇ. ಕನ್ನಡವನ್ನು ಸಂಸ್ಕೃತದ ಕನ್ನಡಕದಿಂದ ನೋಡದೆ ಅದರದ್ದೇ ವ್ಯಾಕರಣ ಬರೆಯಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರು. ಆ ಮಾತು ಇಂಗ್ಲಿಷಿನ ಕನ್ನಡಕಕ್ಕೂ ಸಲ್ಲುತ್ತದೆ. ಕನ್ನಡದ ಕಣ್ಣಿನಿಂದಲೇ ಲೋಕದ ಭಾಷೆಗಳನ್ನು ನೋಡಿದರೆ ಕಾಣುವುದು ಬೇರೆಯೇ.

ಅಪ್ಪಣೆಯನ್ನು ಮೆದುಗೊಳಿಸುವ ಪದ ಮಂಡ್ಯದಲ್ಲಿ ‘ವಸಿ’. ‘ನೀರ್ ಕೊಡು’ ಗಡಸು, ‘ವಸಿ ನೀರ್ ಕೊಡವ್ವಾ’ ಮೆದು. ‘ತಡಿ’ ಗಡಸು, ‘ವಸಿ ತಡಿ’ ಮೆದು. ಇಲ್ಲಿ ವಸಿ ಎಂದರೆ ಅಳತೆಯಲ್ಲ, ವಿನಯ. ಲ್ಯಾಟಿನ್ ಅಮೆರಿಕದಲ್ಲಿ ನಾಮಪದಕ್ಕೇ ಪುಟ್ಟದು ಎಂಬ ಪ್ರತ್ಯಯ ಹಚ್ಚಿ ಇದೇ ಮೆದುತನ ತರುತ್ತಾರೆ. ಪುಟ್ಟ ಕಾಫಿ, ಪುಟ್ಟ ಹೊತ್ತು ಎಂಬಂತೆ. ಕೊಲಂಬಿಯಾದವರು ಅಂಗಡಿಯಲ್ಲಿ ಕಾಫಿ ಕೇಳುವಾಗ ‘ರೆಗಾಲೆಮೆ’ ಎನ್ನುತ್ತಾರೆ. ಪದಶಃ ‘ಉಡುಗೊರೆಯಾಗಿ ಕೊಡಿ’. ದುಡ್ಡು ಕೊಟ್ಟೇ ಕೊಳ್ಳುತ್ತಾರೆ. ಅದೇ ಕೊಲಂಬಿಯಾದ ಕೆಲವು ಕಡೆ ಮನೆಯೊಳಗೂ ಮಕ್ಕಳಿಗೂ ಉಸ್ತೆದ್ ಹೇಳುವ ರೂಢಿ ಇದೆ. ಸ್ಪೇನಿನಲ್ಲಿ ಇದಕ್ಕೆ ತದ್ವಿರುದ್ಧ: ಗುರುತಿಲ್ಲದವರೊಡನೆಯೂ ಬೇಗ ಸಲುಗೆಯ ರೂಪಕ್ಕೆ ಇಳಿಯುತ್ತಾರೆ. ಧಾರವಾಡದವರ ‘ಬರ್ರಿ’ ಮಂಡ್ಯದವರಿಗೆ, ಮಂಡ್ಯದವರ ‘ಬಾರ್ಲಾ’ ಧಾರವಾಡದವರಿಗೆ ಬೇರೆಯಾಗಿ ಕೇಳಿಸುತ್ತದೆ ಎಂದು ಬಲ್ಲ ನಮಗೆ ಈ ಪ್ರಾದೇಶಿಕ ಭೇದಗಳು ಹೊಸವಲ್ಲ.

ಫೋನು ಎತ್ತಿದಾಗ ನಾವು ‘ಹೇಳಿ’ ಎನ್ನುತ್ತೇವೆ. ಇಂಗ್ಲಿಷಿನವರಿಗೆ ಇದು ಬಿರುಸಾಗಿ ಕೇಳಬಹುದು. ಸ್ಪೇನಿನವರು ಫೋನು ಎತ್ತಿದಾಗ ‘ದೀಗಾ’ ಅಥವಾ ‘ದೀಗಮೆ’ ಎನ್ನುತ್ತಾರೆ: ಹೇಳಿ, ನನಗೆ ಹೇಳಿ. ಮಾತಿನ ನಡುವೆ ನಾವು ‘ನೋಡು’ ಎಂದು ಗಮನ ಸೆಳೆದರೆ ಅವರು ‘ಮೀರಾ’ ಎನ್ನುತ್ತಾರೆ. ‘ಕೇಳಿಲ್ಲಿ’ ಎನ್ನಲು ‘ಓಯೆ’.

ಕನ್ನಡ ಎಲ್ಲ ಕಡೆ ನೆರವಾಗುತ್ತದೆ ಎಂದರೆ ಸುಳ್ಳಾದೀತು. ಬಾಲಕ್ಕೆ ಅಂಟುವ ಸರ್ವನಾಮಗಳು ತಡೆಯುವ ಅಪ್ಪಣೆಯಲ್ಲಿ ಬಾಲ ಬಿಟ್ಟು ತಲೆಗೆ ಹೋಗುತ್ತವೆ. ‘ಅದನ್ನು ನನಗೆ ಕೊಡು’ ಎಂದರೆ ‘ದಾಮೆಲೊ’, ‘ಕೊಡಬೇಡ’ ಎಂದರೆ ‘ನೊ ಮೆ ಲೊ ದೆಸ್’. ಈ ಸ್ಥಾನಪಲ್ಲಟಕ್ಕೆ ನಮ್ಮಲ್ಲಿ ಜೋಡಿ ಇಲ್ಲ, ಬಾಯಿ ಪಳಗಿಸಿಯೇ ಕಲಿಯಬೇಕು. ಬಾಲ ಉದ್ದವಾದಾಗ ಒತ್ತು ಯಾವ ಅಕ್ಷರದ ಮೇಲೆ ಉಳಿಯಿತು ಎಂದು ಬರಹದಲ್ಲಿ ಗೆರೆ ಹಾಕಿ ತೋರಿಸಬೇಕು. ಅದೂ ನಮಗೆ ಹೊಸದು. ಅರ್ಜೆಂಟೀನಾದವರು ‘ನೀನು’ ಎನ್ನುವ ‘ತೂ’ ಬದಲು ‘ಬೊಸ್’ ಎಂದು, ‘ಬೆನ್’ ಬದಲು ‘ಬೆನೀ’ ಎಂದು ಇನ್ನೊಂದು ಸಾಲನ್ನೇ ಹೂಡುತ್ತಾರೆ. ಅತ್ತ ಹೋಗುವವರು ಮಾತ್ರ ಅದನ್ನು ಕಲಿತರೆ ಸಾಕು.

ಸುಮಾರು 20 ದೇಶಗಳ ಅಧಿಕೃತ ಭಾಷೆಯೊಂದನ್ನು ಕಲಿಯುವ ಆಸೆ ಪಟ್ಟಣದ ಮಕ್ಕಳದ್ದು ಮಾತ್ರ ಅಲ್ಲ. ಗಡಿಯಾಚೆ ಅನಂತಪುರದಲ್ಲಿ ಬಾರ್ಸಿಲೋನಾದ ವಿಸೆಂತೆ ಫೆರರ್ 1969ರಲ್ಲಿ ನೆಲೆನಿಂತು ಗ್ರಾಮೀಣಾಭಿವೃದ್ಧಿ ಸಂಸ್ಥೆ ಕಟ್ಟಿದರು. ಮಡಕಶಿರಾ, ರಾಯದುರ್ಗದ ಕಡೆ ಕನ್ನಡ ಮಾತಾಡುವವರು ಬಹಳ ಮಂದಿ ಇರುವ ಸೀಮೆ ಅದು. 2009ರಲ್ಲಿ ಫೆರರ್ ತೀರಿಕೊಂಡ ಮೇಲೂ ಸ್ಪೇನಿನವರು ಅಲ್ಲಿಗೆ ಬರುತ್ತಿದ್ದಾರೆ. ಹಳ್ಳಿಯ ಪದವೀಧರರಿಗೆ ವಿದೇಶಿ ಭಾಷೆ ಕಲಿಸುವ ಶಾಲೆಯನ್ನೂ ಆ ಸಂಸ್ಥೆ ನಡೆಸಿದೆ. ಬೋರೆ ಸೀಮೆಯ ರೈತರ ಮಕ್ಕಳು ಅಲ್ಲಿ ಸ್ಪ್ಯಾನಿಶ್ ಕಲಿತಿದ್ದಾರೆ ಎಂದ ಮೇಲೆ ಕಾವೇರಿ ಬಯಲಿನ ಮಕ್ಕಳು ಕಲಿಯಲಾರರೇ? ಮಂಡ್ಯದ, ಮಳವಳ್ಳಿಯ ಯಾವುದಾದರೂ ಕಾಲೇಜು ಸಂಜೆ ತರಗತಿ ತೆರೆದು, ಪಾಠವನ್ನು ಕನ್ನಡದಲ್ಲೇ, ಈ ಸೀಮೆಯ ಕನ್ನಡದಲ್ಲೇ ಬರೆಸಬೇಕು. ಮೊದಲ ದಿನ ‘ಕೈ ತೊಳ್ಕೊ’, ‘ಕುಂತ್ಕೊ’, ‘ಮಲ್ಕೊ’ ಸಾಕು. ಎರಡನೇ ದಿನ ‘ಬರ್ಲಿ’, ‘ಇರ್ಲಿ’, ‘ಹೋಗ್ಲಿ’. ‘ಬರ್ಬ್ಯಾಡ’ ಮೂರನೇ ದಿನಕ್ಕೆ, ಏಕೆಂದರೆ ಅದಕ್ಕೆ ಬೇಕಾದ ರೂಪ ಎರಡನೇ ದಿನದ ಪಾಠದಲ್ಲೇ ಬಂದಿರುತ್ತದೆ.